ಕ್ಯಾಪ್ಸೂಲ್ ನುಂಗಿದರೆ ಬೊಜ್ಜು ಕರಗುತ್ತಾ?

ಕರುಳಿನ ಬ್ಯಾಕ್ಟೀರಿಯಾಗೂ ಮೈಯಲ್ಲಿ ಸೇರುವ ಕೊಬ್ಬಿಗೂ ನಂಟಿದೆ. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಆ ನಂಟನ್ನೇ ಹಿಡಿದುಕೊಂಡು "ದಿನಕ್ಕೊಂದು ಪ್ರೊಬಯಾಟಿಕ್ (ಒಳ್ಳೆಯದು ಮಾಡುವ ಜೀವಂತ ಬ್ಯಾಕ್ಟೀರಿಯಾ) ಕ್ಯಾಪ್ಸೂಲ್ ತಗೊಳ್ಳಿ, ಹೊಟ್ಟೆ ಕರಗುತ್ತೆ" ಅಂತ ಜನರ ಹತ್ತಿರ ದುಡ್ಡು ಕೀಳುವುದನ್ನು ನೋಡಿದರೆ ಸಿಟ್ಟು ಬರುತ್ತದೆ. ಸಂಶೋಧನೆ ಹೇಳಿದ್ದೇ ಬೇರೆ.

ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಜೆಫ್ರಿ ಗಾರ್ಡನ್ ಅವರ ತಂಡ 2004ರಲ್ಲಿ ಒಂದು ಪ್ರಯೋಗ ಪ್ರಕಟಿಸಿತು. ಹುಟ್ಟಿದಾಗಿನಿಂದ ಒಂದೂ ಬ್ಯಾಕ್ಟೀರಿಯಾ ಸೋಕದ ಹಾಗೆ ಬೆಳೆಸಿದ ಇಲಿಗಳಿಗೆ ಮಾಮೂಲಿ ಇಲಿಗಳ ಕರುಳಿನ ಬ್ಯಾಕ್ಟೀರಿಯಾ ಕೊಟ್ಟರು. ಎರಡೇ ವಾರದಲ್ಲಿ ಮೈಕೊಬ್ಬು ಸುಮಾರು ಶೇ 60ರಷ್ಟು ಜಾಸ್ತಿಯಾಯಿತು. ತಿಂದದ್ದು ಮಾತ್ರ ಮೊದಲಿಗಿಂತ ಕಡಿಮೆ!

ಯಾಕೆ ಹೀಗೆ? ನಮಗೆ ಜೀರ್ಣವಾಗದ ನಾರನ್ನು ಬ್ಯಾಕ್ಟೀರಿಯಾ ಒಡೆದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅನ್ನುವ ಸಣ್ಣ ಕೊಬ್ಬಿನಾಮ್ಲಗಳನ್ನು ಮಾಡುತ್ತವೆ, ಅದರಿಂದ ಮೈಗೆ ಒಂದಷ್ಟು ಶಕ್ತಿ ಸಿಗುತ್ತದೆ. ಇನ್ನೊಂದು ಕಾರಣವೂ ಇದೆ. ರಕ್ತದಲ್ಲಿರುವ ಕೊಬ್ಬನ್ನು ಕೊಬ್ಬಿನ ಕೋಶದೊಳಗೆ ಸೇರಿಸುವ ಕಿಣ್ವವೊಂದಿದೆ. ಅದನ್ನು ತಡೆದು ಹಿಡಿಯುವ ಪ್ರೋಟೀನ್ ಕರುಳಲ್ಲೇ ತಯಾರಾಗುತ್ತದೆ. ಈ ಇಲಿಗಳಲ್ಲಿ ಬ್ಯಾಕ್ಟೀರಿಯಾ ಬಂದ ಮೇಲೆ ಆ ಪ್ರೋಟೀನ್ ಕಡಿಮೆಯಾಯಿತು, ಕೊಬ್ಬು ಸಲೀಸಾಗಿ ಶೇಖರವಾಯಿತು. ಹಾಗಂತ ಆ ಸಣ್ಣ ಆಮ್ಲಗಳು ಕೆಟ್ಟವು ಅಂದುಕೊಳ್ಳಬೇಡಿ. ಹೊಟ್ಟೆ ತುಂಬಿತು ಅಂತ ಮಿದುಳಿಗೆ ತಿಳಿಸುವ ಜಿಎಲ್‌ಪಿ-1ನಂಥ ಹಾರ್ಮೋನುಗಳು ಹೊರಬರುವುದಕ್ಕೂ ಅವೇ ಪ್ರಚೋದನೆ ಕೊಡುತ್ತವೆ.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ ತಂಡದ 2013ರ ಪ್ರಯೋಗ. ಅವಳಿಗಳಲ್ಲಿ ಒಬ್ಬರಿಗೆ ಬೊಜ್ಜು, ಇನ್ನೊಬ್ಬರು ತೆಳ್ಳಗೆ. ಅಂಥವರ ಮಲದಲ್ಲಿದ್ದ ಬ್ಯಾಕ್ಟೀರಿಯಾವನ್ನು ಬೇರೆ ಬೇರೆ ಇಲಿಗಳಿಗೆ ಹಾಕಿದರು. ಬೊಜ್ಜಿದ್ದವರ ಬ್ಯಾಕ್ಟೀರಿಯಾ ಪಡೆದ ಇಲಿಗಳಲ್ಲಿ ಕೊಬ್ಬು ಜಾಸ್ತಿ ಬೆಳೆಯಿತು. ಆಮೇಲೆ ಎರಡೂ ಬಗೆಯ ಇಲಿಗಳನ್ನು ಒಂದೇ ಪಂಜರದಲ್ಲಿ ಬಿಟ್ಟರು. ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವಲ್ಲ, ಹಾಗೆ ತೆಳ್ಳಗಿನವುಗಳ ಬ್ಯಾಕ್ಟೀರಿಯಾ ದಪ್ಪಗಿನವುಗಳ ಕರುಳು ಸೇರಿ, ಕೊಬ್ಬು ಏರುವುದು ತಪ್ಪಿತು. ಆದರೆ ನಾರು ಜಾಸ್ತಿ, ಕೊಬ್ಬು ಕಡಿಮೆ ಇರುವ ಆಹಾರ ಕೊಟ್ಟಾಗ ಮಾತ್ರ! ಹಣ್ಣು ತರಕಾರಿ ಕಡಿಮೆ, ಜಿಡ್ಡು ಜಾಸ್ತಿ ಇರುವ ಆಹಾರ ಕೊಟ್ಟಾಗ ಆ ಒಳ್ಳೆಯ ಬ್ಯಾಕ್ಟೀರಿಯಾ ಅಲ್ಲಿ ನೆಲೆಯೂರಲೇ ಇಲ್ಲ. ಕ್ಯಾಪ್ಸೂಲ್ ಮಾರುವವರು ಈ ಅರ್ಧವನ್ನು ಹೇಳಲೇಬೇಕು, ಅಲ್ವಾ?

ಮನುಷ್ಯರ ಮೇಲೂ ಪ್ರಯೋಗ ನಡೆದಿದೆ. 2010ರಲ್ಲಿ ಜಪಾನಿನಲ್ಲಿ 87 ಜನರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ ದಿನಕ್ಕೆ 200 ಗ್ರಾಂ ಹುಳಿಹಾಲು 12 ವಾರ ಕೊಟ್ಟರು. ಒಂದು ಗುಂಪಿನ ಹಾಲಲ್ಲಿ ಮಾತ್ರ ಲ್ಯಾಕ್ಟೊಬ್ಯಾಸಿಲಸ್ ಗ್ಯಾಸೆರಿ ಅನ್ನುವ ಬ್ಯಾಕ್ಟೀರಿಯಾದ ಒಂದು ತಳಿ ಇತ್ತು. ಆ ಗುಂಪಿನಲ್ಲಿ ಹೊಟ್ಟೆಯೊಳಗಿನ ಕೊಬ್ಬು ಸರಾಸರಿ ಶೇ 4.6, ತೂಕ ಶೇ 1.4ರಷ್ಟು ಇಳಿಯಿತು. 70 ಕೆಜಿ ಇರುವವರಿಗೆ ಲೆಕ್ಕ ಹಾಕಿದರೆ ಸುಮಾರು ಒಂದು ಕೆಜಿ. ಸುಳ್ಳಲ್ಲ, ಆದರೆ ಸಣ್ಣದು. ಅದೇ ತಳಿಯ ಮೇಲಿನ ಮುಂದಿನ ಅಧ್ಯಯನದಲ್ಲಿ ಹಾಲು ನಿಲ್ಲಿಸಿ ನಾಲ್ಕು ವಾರ ಆಗುವಷ್ಟರಲ್ಲಿ ಪರಿಣಾಮವೂ ಕುಗ್ಗಿತ್ತು. ತಳಿ ಬದಲಾದರೆ ಫಲವೂ ಬದಲಾಗುತ್ತದೆ, ಆದ್ದರಿಂದ ಡಬ್ಬಿಯ ಮೇಲೆ ಸುಮ್ನೆ "ಪ್ರೊಬಯಾಟಿಕ್" ಅಂತಿದ್ದರೆ ಏನೂ ತಿಳಿಯುವುದಿಲ್ಲ.

ಮನೆಯ ಮೊಸರು? ಖಂಡಿತ ತಿನ್ನಿ, ಒಳ್ಳೆಯ ಆಹಾರ. ಆದರೆ ನಮ್ಮ ಹೆಪ್ಪಿನಲ್ಲಿ ಯಾವ ತಳಿ ಎಷ್ಟಿದೆ ಅಂತ ಹೇಳುವುದಕ್ಕಾಗುವುದಿಲ್ಲ, ಹಾಗಾಗಿ ಜಪಾನಿನ ಫಲಿತಾಂಶವನ್ನು ನಮ್ಮ ಮಜ್ಜಿಗೆಗೆ ಅಂಟಿಸಬೇಡಿ. ನಾನಾದರೆ ಕ್ಯಾಪ್ಸೂಲಿನ ದುಡ್ಡಲ್ಲಿ ಹುರುಳಿಕಾಳು, ಅವರೆಕಾಳು, ರಾಗಿ, ಬಗೆಬಗೆ ಸೊಪ್ಪು ತರುತ್ತೇನೆ. ಈಗಾಗಲೇ ಕರುಳಲ್ಲಿರುವ ಬ್ಯಾಕ್ಟೀರಿಯಾಗೆ ಮೊದಲು ಊಟ ಸಿಗಲಿ. ನಾರು ತಿಂದು ಅಭ್ಯಾಸ ಇಲ್ಲದವರು ನಿಧಾನಕ್ಕೆ ಜಾಸ್ತಿ ಮಾಡಿಕೊಳ್ಳಿ, ಇಲ್ಲಾಂದ್ರೆ ಹೊಟ್ಟೆ ಉಬ್ಬರಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರು ಡಾಕ್ಟರನ್ನು ಕೇಳದೆ ಪ್ರೊಬಯಾಟಿಕ್ ಕ್ಯಾಪ್ಸೂಲ್ ಮುಟ್ಟಲೇಬೇಡಿ. ಅಪರೂಪಕ್ಕಾದರೂ ಅಂಥವರಲ್ಲಿ ಅದೇ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಸೋಂಕು ಆಗಿದ್ದುಂಟು.