ಆರೂವರೆಯ ಸ್ಲಾಟು, ಅಷ್ಟಮಿಯ ಭರತ

ಕರಾವಳಿಯಲ್ಲಿ ಹಕ್ಕಿ ಸರ್ವೆಗೆ ರೋಸ್ಟರ್ ಹಾಕುವವರು ಮೊದಲು ಪಂಚಾಂಗ ನೋಡಬೇಕು. ನಮ್ಮ ಆಫೀಸಿನವರು ನೋಡಿದ್ದು ಔಟ್‌ಲುಕ್ ಕ್ಯಾಲೆಂಡರ್. ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ, ಅಘನಾಶಿನಿ ಅಳಿವೆಯಿಂದ ಶರಾವತಿ ಅಳಿವೆಯವರೆಗಿನ ತೀರ, ಪ್ರತಿ ಪಾಯಿಂಟಿಗೂ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯ ಸ್ಲಾಟು. ಯಾವ ಕಾಮಗಾರಿಗೆ ಎಂದು ಕೇಳಬೇಡಿ, ಗುಟ್ಟು ಬಿಡುವುದಿಲ್ಲ ಎಂಬ ಕರಾರಿಗೆ (ಎನ್‌ಡಿಎ) ಸಹಿ ಹಾಕಿದ್ದೇವೆ. ಬೇಸ್‌ಲೈನ್, ಅಂದರೆ ಕಾಮಗಾರಿಗೆ ಮೊದಲಿನ ಸ್ಥಿತಿಯ ಲೆಕ್ಕ ಬೇಕಿತ್ತು, ಮಳೆಗಾಲ ಬಿಟ್ಟು ಒಂದು ಸೀಸನ್ನಿನದು, ಅಷ್ಟೇ.

ನ್ಯಾಯವಾಗಿ ಹೇಳಬೇಕೆಂದರೆ ಆರೂವರೆಯ ಸ್ಲಾಟು ಮೂರ್ಖತನವೇನಲ್ಲ. ಕಾಡಿನಲ್ಲಿ, ಕೆರೆಯಲ್ಲಿ ಅದೇ ಸರಿಯಾದ ಹೊತ್ತು. ಕಡಲ ತೀರದಲ್ಲೂ ಹತ್ತು ಗಂಟೆ ದಾಟಿದರೆ ಮರಳಿನ ಮೇಲೆ ಬಿಸಿಗಾಳಿ ಏಳುತ್ತದೆ, ಸ್ಕೋಪಿನಲ್ಲಿ ಪ್ಲವರ್ ಯಾವುದು, ಕಲ್ಲು ಯಾವುದು ಗೊತ್ತಾಗುವುದಿಲ್ಲ. ಹೋದ ವರ್ಷ ಬಯಲುಸೀಮೆಯ ಕೆರೆಗಳಿಗೆ ಮಾಡಿದ ಪ್ರೋಟೋಕಾಲನ್ನು ಹಾಗೇ ಕಾಪಿ ಮಾಡಿ, ಕೆರೆಯ ಹೆಸರಿದ್ದಲ್ಲಿ ಊರಿನ ಹೆಸರು ಹಾಕಿದ್ದರು. ಒಂದೆರಡು ಕಡೆ 'ಕೆರೆ ಏರಿ' ಅಂತಲೇ ಉಳಿದಿತ್ತು. ನಾವು ನಕ್ಕೆವು, ಸಹಿ ಹಾಕಿ ಹೊರಟೆವು.

ಮೊದಲ ವಾರ ಭರ್ಜರಿ. ಅಮಾವಾಸ್ಯೆಯ ಆಚೀಚಿನ ದಿನಗಳು. ಆ ಹೊತ್ತಿಗೆ ಈ ಕಡಲಲ್ಲಿ ಬೆಳಗಿನ ಜಾವ ನೀರು ತಳ ಕಂಡಿರುತ್ತದೆ. ಆರೂವರೆಗೆ ನಾವು ಟ್ರೈಪಾಡ್ ಊರುವಾಗ ಅಳಿವೆಯ ಕೆಸರಿನ ಬಯಲು ಇನ್ನೂ ತೆರೆದೇ ಇತ್ತು, ಬಳಚು (ಚಿಪ್ಪಿನ ಜೀವಿ) ತೆಗೆಯುವವರು ಸೊಂಟ ಬಗ್ಗಿಸಿ ಕೆಲಸಕ್ಕಿಳಿದಿದ್ದರು, ಅವರ ಸುತ್ತಲೇ ಹಕ್ಕಿ. ಏಪ್ರಿಲ್‌ನಲ್ಲಿ ವೇಡರ್‌ಗಳನ್ನು, ಅಂದರೆ ಕೆಸರಲ್ಲಿ ಮೇಯುವ ಈ ತೀರದ ಹಕ್ಕಿಗಳನ್ನು, ನೋಡದವರಿಗೆ ಅವುಗಳ ನಿಜವಾದ ಬಣ್ಣ ಗೊತ್ತಿಲ್ಲ ಅಂತಲೇ ಲೆಕ್ಕ. ಚಳಿಗಾಲವಿಡೀ ಬೂದಿ ಬಳಿದುಕೊಂಡು ಓಡಾಡಿದ ಸ್ಯಾಂಡ್ ಪ್ಲವರ್‌ಗಳಿಗೆ ಎದೆಗೆ ಕಾವಿ ಪಟ್ಟಿ ಬಂದಿರುತ್ತದೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಇಟ್ಟಿಗೆ ಕೆಂಪಾಗಿರುತ್ತದೆ, ಗ್ರೇ ಪ್ಲವರ್‌ನ ಹೊಟ್ಟೆ ಕಡುಗಪ್ಪು. ಲೆಸ್ಸರ್ ಸ್ಯಾಂಡ್ ಪ್ಲವರನ್ನು ಈಗ ಎರಡಾಗಿ ಒಡೆದಿದ್ದಾರೆ, ನಮ್ಮ ಕಡೆ ಬರುವುದು ಹೆಚ್ಚಾಗಿ ಟಿಬೆಟನ್. ಆದರೆ ನಾವು ಎಣಿಕೆ ತುಂಬುವ ಸರ್ವೆ ಆಪ್‌ನ ಡ್ರಾಪ್‌ಡೌನ್‌ನಲ್ಲಿ ಇನ್ನೂ ಲೆಸ್ಸರ್ರೇ ಇದೆ. ಅದನ್ನೇ ಒತ್ತಿದೆವು.

ಎರಡನೇ ವಾರ ಹಕ್ಕಿ ಕಡಿಮೆಯಾದವು. ಆಮೇಲೆ ಅಳಿವೆಯ ಮೂರು ಪಾಯಿಂಟಿನಲ್ಲಿ ಒಂದೂ ಇಲ್ಲ. ಬಯಲೆಲ್ಲ ನೀರು. ಅಂಚಿನಲ್ಲಿ ಎರಡು ರೀಫ್ ಇಗ್ರೆಟ್, ಮೇಲೆ ಒಂದು ಗರುಡ, ಮುಗಿಯಿತು. ಟಾರ್ಗೆಟ್ ಗ್ರೂಪಿಗೆ, ಅಂದರೆ ವೇಡರ್‌ಗಳಿಗೆ, ಸೊನ್ನೆ, ಮರುದಿನ ಸೊನ್ನೆ, ಅದರ ಮರುದಿನವೂ ಸೊನ್ನೆ.

ಇಲ್ಲಿ ನನ್ನ ತಲೆ ಕೆಲಸ ಮಾಡಿದ ರೀತಿ ಹೇಳಬೇಕು, ಯಾಕೆಂದರೆ ಏನೂ ಗೊತ್ತಿಲ್ಲದವರು ಮಾಡುವ ಎಡವಟ್ಟಲ್ಲ ಇದು, ಅರ್ಧ ಗೊತ್ತಿರುವವರು ಮಾಡುವಂಥದ್ದು. ಏಪ್ರಿಲ್ ಕೊನೆಗೆ ವೇಡರ್‌ಗಳು ಉತ್ತರಕ್ಕೆ ಹೊರಡುತ್ತವೆ ಎಂಬುದು ನನಗೆ ಬಾಯಿಪಾಠ. ಗಲ್‌ಗಳು ಆಗಲೇ ಖಾಲಿಯಾಗುತ್ತಿದ್ದವು. ಸ್ಯಾಂಡ್ ಪ್ಲವರ್ ಹಿಮಾಲಯದಾಚೆಗೆ, ಕರ್ಲ್ಯೂ ಸ್ಯಾಂಡ್‌ಪೈಪರ್ ಸೈಬೀರಿಯಾದ ತುದಿಗೆ. ಹಾಗಾಗಿ ವೀಕ್ಲಿ ನೋಟ್‌ನಲ್ಲಿ ಒಂದು ಸಾಲು ಚಂದವಾಗಿ ಬರೆದೆ: 'ವಲಸೆ ಹಕ್ಕಿಗಳು ಬಹುತೇಕ ಹಿಂತಿರುಗಿವೆ, ಅಳಿವೆಯ ಪಾಯಿಂಟುಗಳಲ್ಲಿ ಸಂಖ್ಯೆ ಶೂನ್ಯಕ್ಕೆ ಇಳಿದಿದೆ.' ಕಾರಣ ಸಿಕ್ಕಿತ್ತು, ಆದ್ದರಿಂದ ಹುಡುಕುವುದನ್ನು ನಿಲ್ಲಿಸಿದ್ದೆ. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ, 4,801 ಹೆಕ್ಟೇರಿನ ಅಳಿವೆ ಅದು. ಒಂದೇ ವಾರದಲ್ಲಿ ನೂರಾರು ಹಕ್ಕಿ ಸೊನ್ನೆಯಾಗಿದ್ದು ನೋಡಿ ಒಬ್ಬರಿಗಾದರೂ ಅನುಮಾನ ಬರಬೇಕಿತ್ತು. ನನಗೆ ಬರಲಿಲ್ಲ, ನನ್ನ ಮೇಲಿನ ಮೂರು ಲೆವೆಲ್ಲಿನಲ್ಲೂ ಬರಲಿಲ್ಲ.

ಅನುಮಾನ ಹುಟ್ಟಿಸಿದ್ದು ಬಳಚು ತೆಗೆಯುವ ಒಬ್ಬ ಹೆಂಗಸು. ಅವತ್ತು ಸ್ಲಾಟ್ ಮುಗಿಸಿ ಸ್ಕೋಪ್ ಮಡಚುತ್ತಿದ್ದೆ, ಅವರು ಬುಟ್ಟಿ ಹಿಡಿದು ಆಗಷ್ಟೇ ಬಂದು ದಡದಲ್ಲಿ ಕೂತಿದ್ದರು. "ಹಕ್ಕಿ ಎಲ್ಲ ಹೋದ್ವಲ್ಲ," ಎಂದೆ, ಮಾತಿಗೆ. ಅವರು ನನ್ನನ್ನೂ ಟ್ರೈಪಾಡನ್ನೂ ಒಮ್ಮೆ ನೋಡಿ, "ಎಲ್ಲಿ ಹೋಗ್ತವೆ? ಆಚೆ ಗಜನಿ ಕಟ್ಟೆ ಮೇಲೆ ಕೂತಿದ್ದಾವೆ. ನೀರು ಇಳಿದ ಕೂಡ್ಲೆ ನಮ್ಮ ಜೊತೆಗೇ ಇಳೀತಾವೆ," ಎಂದರು. ಗಜನಿ ಎಂದರೆ ಅಳಿವೆಯ ಅಂಚಿನ ಉಪ್ಪುನೀರಿನ ಗದ್ದೆ. ಅಂದು ಅಷ್ಟಮಿ, ಹನ್ನೊಂದರ ಮೇಲೆಯೇ ಬಳಚಿಗೆ ಇಳಿಯುವುದು ಎಂದೂ ಸೇರಿಸಿದರು. ಹನ್ನೊಂದಕ್ಕೆ ನಾವು ದಿನವೂ ಕುಮಟಾ ಪೇಟೆಯಲ್ಲಿ ಬನ್ಸ್ ತಿನ್ನುತ್ತಿದ್ದೆವು.

ಲೆಕ್ಕ ಇಷ್ಟು ಸರಳ. ಭರತ, ಅಂದರೆ ಕಡಲ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆಯಲ್ಲಿ ಬೆಳಿಗ್ಗೆ ಇಳಿತ ಕಂಡ ಜಾಗದಲ್ಲೇ ವಾರ ಕಳೆದರೆ ಅದೇ ಹೊತ್ತಿಗೆ ಭರತ. ಸಮುದ್ರದ ಬಾಯಿಯಿಂದ ಹೊಳೆಯ ಒಳಗೆ ಹೋದಷ್ಟೂ ಇನ್ನೂ ತಡ. ಗಡಿಯಾರದ ಹೊತ್ತು ಒಂದೇ ಇಟ್ಟರೆ ಹಕ್ಕಿಯ ಹೊತ್ತು ದಿನಾ ಬೇರೆ. ಸರ್ವೆ ಆಫ್ ಇಂಡಿಯಾ ವರ್ಷ ವರ್ಷ ಟೈಡ್ ಟೇಬಲ್ ಅಚ್ಚು ಹಾಕುತ್ತದೆ, ಕಾರವಾರದ ಹೊತ್ತು ಅದರಲ್ಲೇ ಸಿಗುತ್ತದೆ. ನನ್ನ ಫೋನಿನಲ್ಲೂ ಟೈಡ್ ಆಪ್ ಇತ್ತು. ಅದನ್ನು ತೆರೆಯುತ್ತಿದ್ದುದು ದೋಣಿ ಹತ್ತುವಾಗ ಚಪ್ಪಲಿ ಒದ್ದೆಯಾಗುತ್ತದೋ ಇಲ್ಲವೋ ಎಂದು ನೋಡಲು.

ಆ ಹೆಂಗಸು ತೋರಿಸಿದ ಕಡೆಗೆ ಹೊರಟೆವು. ದೋಣಿ ದಾಟಿ, ಗದ್ದೆ ಬದಿಯ ಕಟ್ಟೆ ಹಿಡಿದು ನಡೆದರೆ ಬಿಸಿಲು ನೆತ್ತಿಗೆ ಬರುತ್ತಿತ್ತು. ತಿರುವು ದಾಟಿದ್ದೇ ಜೊತೆಗಿದ್ದ ಹುಡುಗ ನನ್ನ ಅಂಗಿ ಹಿಡಿದು ನಿಲ್ಲಿಸಿದ. ಮುಂದಿನ ಕಟ್ಟೆಯ ಉದ್ದಕ್ಕೂ ಹಕ್ಕಿ. ಎಲ್ಲವೂ ಗಾಳಿಗೆ ಮುಖ ಕೊಟ್ಟು, ಒಂದೇ ಕಾಲಿನ ಮೇಲೆ, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ ನಿಂತಿದ್ದವು. ಮುಂದಿನ ಸಾಲಿನಲ್ಲಿ ಸ್ಯಾಂಡ್ ಪ್ಲವರ್, ನಡುನಡುವೆ ಇಟ್ಟಿಗೆ ಬಣ್ಣದ ಕರ್ಲ್ಯೂ ಸ್ಯಾಂಡ್‌ಪೈಪರ್, ಹಿಂದೆ ಒಂದು ತಲೆ ಎತ್ತರಕ್ಕೆ ಗ್ರೇ ಪ್ಲವರ್, ಕೊನೆಗೆ ವಿಂಬ್ರೆಲ್. ವಾರವಿಡೀ ನಾನು ಸೈಬೀರಿಯಾಕ್ಕೆ ಕಳಿಸಿದ್ದ ಹಕ್ಕಿಗಳು.

ಸ್ಕೋಪ್ ಊರಿದೆ. ನೀರು ಆಗಲೇ ಇಳಿಯತೊಡಗಿತ್ತು. ಅಂದರೆ ಬಯಲಿನ ಮೊದಲ ತೇವದ ಪಟ್ಟಿ ಕಾಣಿಸಿದ ಕ್ಷಣ ಇವು ಗುಂಪುಗುಂಪಾಗಿ ಏಳುತ್ತವೆ, ಆಮೇಲೆ ಅಷ್ಟಗಲ ಬಯಲಲ್ಲಿ ಎಣಿಸುವುದು ಕನಸಿನ ಮಾತು. ಎಡದಿಂದ ಶುರು ಮಾಡಿ, ಹತ್ತು ಹತ್ತರಂತೆ ಕ್ಲಿಕ್ಕರ್ ಒತ್ತುತ್ತ ಬಂದೆ. ಬೆವರಿಗೆ ಐಪೀಸ್ ಮಂಜಾಯಿತು. ಒರೆಸಿ ಕಣ್ಣಿಟ್ಟರೆ ಬಿಟ್ಟ ಜಾಗ ಸಿಗುತ್ತಿಲ್ಲ, ಮತ್ತೆ ಎಡದಿಂದ. ಹುಡುಗ ಪಿಸುಗುಟ್ಟಿದ, "ಸರ್, ಫೋನ್ ಇಟ್ಟು ಫೋಟೋ ಹೊಡೀಲಾ?" ನಾನು ಕೈ ಬೀಸಿದೆ, ಸುಮ್ಮನಿರು ಅಂತ. ಅರ್ಧ ದಾಟಿದ್ದೆ, ಎಲ್ಲಿಂದಲೋ ಒಂದು ಗರುಡ ತೇಲಿಕೊಂಡು ಬಂತು. ಹಕ್ಕಿ ಹಿಡಿಯುವ ಇರಾದೆಯೇನೂ ಅದಕ್ಕಿರಲಿಲ್ಲ, ಸುಮ್ಮನೆ ಹಾದುಹೋಯಿತು. ಅಷ್ಟಕ್ಕೇ ಇಡೀ ಕಟ್ಟೆ ಎದ್ದಿತು, ಆಕಾಶದಲ್ಲಿ ಬಿಳಿಯಾಗಿ ತಿರುಗಿ, ಕಂದಾಗಿ ತಿರುಗಿ, ಹಿಂದಿರುಗಿ ಕೂತಾಗ ಸಾಲು ಬೇರೆ, ಜೋಡಣೆ ಬೇರೆ. ಮೂರನೇ ಸಲ ಎಡದಿಂದ. ಬಲತುದಿ ಮುಟ್ಟುವ ಹೊತ್ತಿಗೆ ಎಡತುದಿಯವು ಆಗಲೇ ಐದು, ಹತ್ತು ಎನ್ನುತ್ತ ಬಯಲಿಗೆ ಹಾರುತ್ತಿದ್ದವು. ನಾನೂರರ ಮೇಲೆ ಎಂದು ಬರೆದುಕೊಂಡೆ. ಫೋಟೋ ಇದ್ದಿದ್ದರೆ ಸಂಜೆ ಲಾಡ್ಜಿನಲ್ಲಿ ಕೂತು ಒಂದೊಂದೇ ಚುಕ್ಕೆ ಇಟ್ಟು ಎಣಿಸಬಹುದಿತ್ತು, ಮುಂದೆ ವಾದ ಬಂದಾಗ ತೋರಿಸಲೂ ಆಗುತ್ತಿತ್ತು. ಆ ಹುಡುಗನ ಮಾತು ಕೇಳಬೇಕಿತ್ತು.

ಈಗ ಆಪ್‌ನ ಕಥೆ. ಪಾಯಿಂಟಿನಿಂದ 200 ಮೀಟರ್ ಆಚೆ ಹೋದರೆ ಎಂಟ್ರಿ ತಗೊಳ್ಳುವುದಿಲ್ಲ. ಒಂಬತ್ತೂವರೆ ಆದರೆ ಸ್ಲಾಟ್ ಮುಚ್ಚುತ್ತದೆ. ಉಳಿದಿದ್ದು 'ಇನ್ಸಿಡೆಂಟಲ್' ಎಂಬ ಟ್ಯಾಬ್. ಅಲ್ಲಿ ಹಾಕಿದ್ದು ಚೆಕ್‌ಲಿಸ್ಟಿಗೆ ಹೋಗುತ್ತದೆ, ಅಬಂಡೆನ್ಸ್, ಅಂದರೆ ಎಷ್ಟು ಹಕ್ಕಿ ಎಂಬ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಇಡೀ ತಿಂಗಳಿನ ದೊಡ್ಡ ಹಿಂಡು ನಮ್ಮ ರಿಪೋರ್ಟಿನ ಪ್ರಕಾರ ದಾರಿಯಲ್ಲಿ ಕಣ್ಣಿಗೆ ಬಿದ್ದ ಮೈನಾಕ್ಕೆ ಸಮ. ಆ ಮೂರು ಪಾಯಿಂಟುಗಳ ಸೊನ್ನೆ ಮಾತ್ರ ಸೊನ್ನೆಯಾಗಿ ಗಟ್ಟಿ ಕೂತಿತ್ತು. ಹಕ್ಕಿ ನೋಡುವವರೆಲ್ಲ ಬಳಸುವ ಇ-ಬರ್ಡ್ ಆಪ್‌ನಲ್ಲಾದರೆ ಎಣಿಸಲಾಗದಾಗ ಎಕ್ಸ್ ಹಾಕಬಹುದು. ನಮ್ಮದರಲ್ಲಿ ಖಾಲಿ ಬಿಟ್ಟರೆ ಸೆಲ್ ಕೆಂಪಾಗುತ್ತದೆ, ಕೆಂಪಾದರೆ ಸಿಂಕ್ ಆಗುವುದಿಲ್ಲ, ಸಿಂಕ್ ಆಗದಿದ್ದರೆ ರಾತ್ರಿ ಫೋನ್ ಬರುತ್ತದೆ. ಹಾಗಾಗಿ ಎಲ್ಲರೂ ಸೊನ್ನೆ ಹಾಕುತ್ತಾರೆ. 'ನೋಡಿದೆ, ಇರಲಿಲ್ಲ' ಎಂಬುದಕ್ಕೂ ಸೊನ್ನೆ, 'ನೋಡಲು ಬಯಲೇ ಇರಲಿಲ್ಲ' ಎಂಬುದಕ್ಕೂ ಸೊನ್ನೆ.

ಅದರ ಫಲ ರಿವ್ಯೂ ಕಾಲ್‌ನಲ್ಲಿ ಕಂಡಿತು. ಸ್ಕ್ರೀನ್ ಮೇಲೆ ಬಾರ್ ಚಾರ್ಟ್. ಅಳಿವೆಯ ಮೂರು ಪಾಯಿಂಟಿನ ಸರಾಸರಿ ನೆಲ ಕಚ್ಚಿತ್ತು. ಕ್ಲೈಂಟ್ ಕಡೆಯವರೊಬ್ಬರು, ಬಹಳ ಸಜ್ಜನರು, "ಹಾಗಾದರೆ ಇಲ್ಲಿ ಸೆನ್ಸಿಟಿವಿಟಿ ಲೋ ಅಂತ ತಗೋಬಹುದಲ್ವಾ?" ಎಂದು ಕೇಳಿದರು. ಅಂದರೆ ಇಲ್ಲಿ ಕಾಮಗಾರಿಯಿಂದ ಹಕ್ಕಿಗೆ ಹೆಚ್ಚೇನೂ ತೊಂದರೆಯಿಲ್ಲ ಎಂದು. ನಮ್ಮ ಮ್ಯಾನೇಜರ್ "ಪ್ರಿಲಿಮಿನರಿ..." ಎಂದು ಎಳೆದರು. ನಾನು ಅನ್‌ಮ್ಯೂಟ್ ಮಾಡಿ, ಅದು ಭರತದ ಸೊನ್ನೆ, ಹಕ್ಕಿಯ ಸೊನ್ನೆಯಲ್ಲ ಎಂದೆ. ಕಟ್ಟೆಯ ವಿಷಯ ಹೇಳಿದೆ. ಗ್ರೇ ಪ್ಲವರ್, ಕರ್ಲ್ಯೂ ಸ್ಯಾಂಡ್‌ಪೈಪರ್ ಎರಡನ್ನೂ ಜಾಗತಿಕ ಸಂರಕ್ಷಣಾ ಸಂಸ್ಥೆ ಐಯುಸಿಎನ್ 2024ರ ಅಕ್ಟೋಬರ್‌ನಲ್ಲಿ ವಲ್ನರಬಲ್‌ಗೆ, ಅಳಿವಿನ ಭೀತಿಯಿರುವ ವರ್ಗಕ್ಕೆ, ಏರಿಸಿದೆ, ಅವು ಅಲ್ಲಿದ್ದವು ಎಂದೆ. ಯಾರೂ ಮಾತಾಡಲಿಲ್ಲ. ಯಾರದೋ ಮನೆಯ ಕುಕ್ಕರ್ ಕೂಗಿತು. ಆಮೇಲೆ ಡೇಟಾ ತಪಾಸಣೆ ಮಾಡುವ ಕ್ಯೂಸಿಯವರು ಮೆಲ್ಲಗೆ, "ಆದರೆ ನಿಮ್ಮದೇ ವೀಕ್ಲಿ ನೋಟ್‌ನಲ್ಲಿ ವಲಸೆ ಹಕ್ಕಿಗಳು ಹಿಂತಿರುಗಿವೆ ಅಂತ ಇದೆಯಲ್ಲ?" ಎಂದು ನನ್ನ ಆ ಚಂದದ ಸಾಲನ್ನು ಸ್ಕ್ರೀನ್ ಶೇರ್ ಮಾಡಿದರು. ಹಳದಿ ಹೈಲೈಟ್ ಬೇರೆ.

ಅವರ ಕೆಲಸ ಅವರು ಮಾಡಿದರು, ಬೈಯುವಂತಿಲ್ಲ. ಫೀಲ್ಡ್ ನೋಟ್‌ನಲ್ಲಿ ಕಂಡದ್ದನ್ನು ಬರೆಯಬೇಕು, ಕಾರಣವನ್ನಲ್ಲ. 'ಪಾಯಿಂಟ್ ಪೂರ್ತಿ ನೀರಿನಡಿ, ವೇಡರ್ ಕಾಣಲಿಲ್ಲ' ಎಂದು ಬರೆದಿದ್ದರೆ ಆ ಸಾಲೇ ಅವತ್ತು ನನ್ನ ಪರ ಸಾಕ್ಷಿ ಹೇಳುತ್ತಿತ್ತು.

ಕೊನೆಗೆ ಆಗಿದ್ದೇನು? ಸೊನ್ನೆಗಳನ್ನು ತೆಗೆದು 'ಎನ್‌ಎಸ್' (ಸರ್ವೆ ಆಗಿಲ್ಲ) ಹಾಕಲು ಟೆಂಪ್ಲೇಟಿನ ವರ್ಷನ್ ಬದಲಾಗಬೇಕಂತೆ, ಅದಕ್ಕೆ ಅಪ್ರೂವಲ್ ಬೇಕಂತೆ. ಉಳಿದ ದಿನಗಳಿಗೆ ಅಳಿವೆಯ ಪಾಯಿಂಟುಗಳ ಸ್ಲಾಟನ್ನು ಮಾತ್ರ ಟೈಡ್ ಟೇಬಲ್ ಪ್ರಕಾರ ಸರಿಸಲು ಒಪ್ಪಿದರು, ಅದಕ್ಕೇ ನಾನು ಅರ್ಧ ದಿನ ಫೋನ್‌ನಲ್ಲಿದ್ದೆ. ಕಟ್ಟೆಯನ್ನು ರೂಸ್ಟ್ ಸೈಟ್ (ಹಕ್ಕಿ ಕೂತು ವಿಶ್ರಮಿಸುವ ಜಾಗ) ಎಂದು ಹೊಸ ಪಾಯಿಂಟ್ ಮಾಡಿಸಿದೆ, ಪಿ-4ಎ ಎಂಬ ಹೆಸರಿಗೆ. ಅಷ್ಟು ಹೊತ್ತಿಗೆ ಮೇ ಬಂದಿತ್ತು, ಹಕ್ಕಿಗಳು ಈಗ ನಿಜವಾಗಿಯೇ ಹೊರಡುತ್ತಿದ್ದವು. ಕಟ್ಟೆಯ ಮೇಲೆ ದಿನದಿಂದ ದಿನಕ್ಕೆ ಕೆಂಪು ಕಡಿಮೆಯಾಯಿತು. ಮೊದಲು ಬಣ್ಣ ತುಂಬಿದ್ದವು ಹೋದವು, ಉಳಿದವು ಬೂದಿ ಬಣ್ಣದ ಮರಿಪ್ರಾಯದವು. ಮೊದಲ ವರ್ಷದ ವೇಡರ್‌ಗಳಲ್ಲಿ ಎಷ್ಟೋ ಬೇಸಿಗೆಯಲ್ಲಿ ಉತ್ತರಕ್ಕೆ ಹೋಗುವುದೇ ಇಲ್ಲ, ಗೂಡು ಕಟ್ಟುವ ವಯಸ್ಸಾಗಿರುವುದಿಲ್ಲ, ಇಲ್ಲೇ ಮಳೆಗಾಲ ಕಳೆಯುತ್ತವೆ. ವಿಂಬ್ರೆಲ್‌ಗಳಲ್ಲೂ ಕೆಲವು ಹಾಗೇ ಉಳಿದಿದ್ದವು.

ಇದರ ಮೇಲೆ ಇನ್ನೊಂದು ಮೇಲ್ ಬಂತು: ವಿಂಬ್ರೆಲ್ ಮೈಗ್ರೇಟರಿ ಎಂದು ಬರೆದಿದ್ದೀರಿ, ಮೇ ಮಧ್ಯದಲ್ಲೂ ಇದೆ ಎನ್ನುತ್ತೀರಿ, ಎರಡರಲ್ಲಿ ಒಂದನ್ನು ಸರಿಪಡಿಸಿ. ಡ್ರಾಪ್‌ಡೌನ್‌ನಲ್ಲಿ ಇರುವುದು ರೆಸಿಡೆಂಟ್, ಮೈಗ್ರೇಟರಿ ಎರಡೇ. ಮೈಗ್ರೇಟರಿ ಎಂದೇ ಬಿಟ್ಟು ರಿಮಾರ್ಕ್ಸ್‌ನಲ್ಲಿ ನಾಲ್ಕು ಸಾಲು ಬರೆದೆ. ರಿಮಾರ್ಕ್ಸ್ ಕಾಲಂ ಪಿಡಿಎಫ್‌ನಲ್ಲಿ ಪ್ರಿಂಟ್ ಆಗುವುದಿಲ್ಲವೆಂದು ಡ್ರಾಫ್ಟ್ ಬಂದ ಮೇಲೆ ಗೊತ್ತಾಯಿತು.

ಈಗ ಹೊಸಬರು ತಂಡಕ್ಕೆ ಸೇರಿದರೆ ನಾನು ಹೇಳುವುದು ಇಷ್ಟೇ: ನೋಟ್‌ಬುಕ್ಕಿನ ಎಡ ಅಂಚಿನಲ್ಲಿ ತಿಥಿ ಬರೆಯಿರಿ, ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಬಾಣದ ಗುರುತು ಹಾಕಿ, ಹಿಂಡು ಕಂಡರೆ ಮೊದಲು ಫೋಟೋ, ಆಮೇಲೆ ಎಣಿಕೆ. ಅಲ್ಲಿ ದಿನಾ ಕೆಲಸಕ್ಕೆ ಬರುವವರ ಜೊತೆ ಮೊದಲ ದಿನವೇ ಮಾತಾಡಿ, ವಾರ ಕಳೆದ ಮೇಲಲ್ಲ.

ಡ್ರಾಫ್ಟ್ ಹೋಗಿ ಬಹಳ ದಿನವಾಯಿತು. ಪಿ-4ಎ ಮುಖ್ಯ ಟೇಬಲ್ಲಿಗೆ ಬರಲಿಲ್ಲ, ಅನೆಕ್ಸರ್‌ನಲ್ಲಿ ಅಡಿಟಿಪ್ಪಣಿಯಾಗಿ ಉಳಿದಿದೆ. ಟೈಡ್ ಕಾಲಂಗೆ ಹಾಕಿದ ರಿಕ್ವೆಸ್ಟ್ 'ಅಂಡರ್ ರಿವ್ಯೂ'. ಕಟ್ಟೆಗೆ ಹೋಗಲು ದೋಣಿಗೆ ಕೊಟ್ಟ ದುಡ್ಡಿನ ವೋಚರನ್ನು ಅಕೌಂಟ್ಸ್‌ನವರು ಹಿಂದಕ್ಕೆ ಕಳಿಸಿದ್ದಾರೆ. ಬಿಲ್ ಇಲ್ಲ ಎಂಬುದು ಒಂದು ತಕರಾರು. ಪ್ರಯಾಣ ಮಾಡಿದ್ದು ಸ್ಲಾಟ್ ಮುಗಿದ ಮೇಲೆ, ಹಾಗಾಗಿ ಅದು ಆಫೀಸಿನ ಕೆಲಸವೇ ಅಲ್ಲ ಎಂಬುದು ಇನ್ನೊಂದು.