ಲಂಡನ್ನಿನ ವಕೀಲರ ಕೇರಿಯಲ್ಲಿ ಮೂರು ತಾಸು

ಲಂಡನ್ನಿನ ಟೆಂಪಲ್ ಸ್ಟೇಷನ್ನಿನಲ್ಲಿ ಇಳಿದವರು ದೇವಸ್ಥಾನ ಹುಡುಕುವುದು ಬೇಡ. ಜೆರುಸಲೇಮಿನ ದೇವಾಲಯದ ಹೆಸರಿಟ್ಟುಕೊಂಡಿದ್ದ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಥ 12ನೇ ಶತಮಾನದಲ್ಲಿ ಥೇಮ್ಸ್ ನದಿಯ ಈ ದಂಡೆಯಲ್ಲಿ ನೆಲೆ ಮಾಡಿಕೊಂಡಿತ್ತು. 1312ರಲ್ಲಿ ಪೋಪ್ ಆ ಪಂಥವನ್ನು ವಿಸರ್ಜಿಸಿದ. ಆಮೇಲೆ ಇಲ್ಲಿಗೆ ಬಾಡಿಗೆಗೆ ಬಂದ ವಕೀಲರು ಇವತ್ತಿಗೂ ಜಾಗ ಬಿಟ್ಟಿಲ್ಲ.

ಅವರು ಇಲ್ಲೇ ಬಂದು ಕೂತಿದ್ದಕ್ಕೆ ಕಾರಣ ನಕ್ಷೆಯಲ್ಲೇ ಕಾಣುತ್ತದೆ. ಪಶ್ಚಿಮಕ್ಕೆ ವೆಸ್ಟ್‌ಮಿನ್‌ಸ್ಟರ್, ಅಲ್ಲಿ ರಾಜನ ನ್ಯಾಯಾಲಯಗಳು. ಪೂರ್ವಕ್ಕೆ ಕೋಟೆಗೋಡೆಯೊಳಗಿನ 'ಸಿಟಿ' ಎಂಬ ಹಳೆಯ ಲಂಡನ್, ಅಲ್ಲಿ ದುಡ್ಡು ಮತ್ತು ವ್ಯಾಜ್ಯ ಎರಡೂ ಇದ್ದ ವರ್ತಕರು. 1234ರಲ್ಲಿ ಮೂರನೇ ಹೆನ್ರಿ ಸಿಟಿಯೊಳಗೆ ಕಾನೂನು ಪಾಠ ಹೇಳಬಾರದು ಎಂದು ಆಜ್ಞೆ ಹೊರಡಿಸಿದ್ದ. ಹೀಗಾಗಿ ಗೋಡೆಯ ಹೊರಗೆ, ಕಕ್ಷಿದಾರನಿಗೂ ಕೋರ್ಟಿಗೂ ನಡುವೆ, ವಕೀಲರ ಕೇರಿಯೇ ಬೆಳೆಯಿತು. ಈ ಕೇರಿಯ ಕೇಂದ್ರಗಳು ನಾಲ್ಕು: ಮಿಡಲ್ ಟೆಂಪಲ್, ಇನ್ನರ್ ಟೆಂಪಲ್, ಲಿಂಕನ್ಸ್ ಇನ್, ಗ್ರೇಸ್ ಇನ್. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಬ್ಯಾರಿಸ್ಟರ್ ಆಗಬೇಕಾದರೆ ಇವುಗಳಲ್ಲಿ ಒಂದರ ಸದಸ್ಯತ್ವ ಇವತ್ತಿಗೂ ಕಡ್ಡಾಯ. 'ಇನ್' ಎಂದರೆ ಇಲ್ಲಿ ಹೋಟೆಲ್ ಅಲ್ಲ. ನಮ್ಮ ದೊಡ್ಡ ಮಠವೊಂದನ್ನು ಕಲ್ಪಿಸಿಕೊಂಡರೆ ಬೇಗ ಅರ್ಥವಾಗುತ್ತದೆ: ನಡುವೆ ಅಂಗಳ, ಸುತ್ತ ಕೋಣೆಗಳು, ಒಂದು ಪ್ರಾರ್ಥನಾ ಮಂದಿರ, ಒಂದು ಗ್ರಂಥಾಲಯ, ಎಲ್ಲರೂ ಸಾಲಾಗಿ ಕೂತು ಉಣ್ಣುವ ಒಂದು ದೊಡ್ಡ ಭೋಜನಶಾಲೆ.

ಇಡೀ ನಡಿಗೆ ಎರಡೂವರೆ ಕಿಲೋಮೀಟರ್ ಆಸುಪಾಸು. ದೂರ ಕಡಿಮೆಯಾದರೂ ನಿಂತು ನೋಡಲು ಮೂರು ತಾಸು ಬೇಕು. ಬೆಳಿಗ್ಗೆ 10ಕ್ಕೆ ಫ್ಲೀಟ್ ಸ್ಟ್ರೀಟಿನ ತುದಿಯಲ್ಲಿ ಶುರು ಮಾಡಿದರೆ ಮಧ್ಯಾಹ್ನ 1ಕ್ಕೆ ಗ್ರೇಸ್ ಇನ್ ತಲುಪಬಹುದು. ಈ ಲೆಕ್ಕಕ್ಕೆ ಕಾರಣ ಉಂಟು, ಮುಂದೆ ಬರುತ್ತದೆ. ವಾರದ ಕೆಲಸದ ದಿನವೇ ಆಗಬೇಕು. ಹೊಸಬರು ಮಾಡುವ ದೊಡ್ಡ ತಪ್ಪು ಭಾನುವಾರ ಹೋಗುವುದು. ಫ್ಲೀಟ್ ಸ್ಟ್ರೀಟಿನ ಕಡೆಯ ಗೇಟುಗಳು ಮುಚ್ಚಿರುತ್ತವೆ, ಫೋನಿನ ನಕ್ಷೆ ಮಾತ್ರ ಇಲ್ಲೇ ದಾರಿ ಎಂದು ತೋರಿಸುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಟ್ಯೂಡರ್ ಸ್ಟ್ರೀಟಿನ ಕಡೆಗೆ ಸುತ್ತಿ ಹೋಗಿ ನೋಡಬೇಕು. ಒಳಗೆ ಹೋದರೂ ಕಟ್ಟಡಗಳಷ್ಟೇ ಸಿಗುತ್ತವೆ, ಕೇರಿಯ ಜೀವ ಸಿಗುವುದಿಲ್ಲ. ಆಗಸ್ಟ್, ಸೆಪ್ಟೆಂಬರ್ ಕೋರ್ಟಿನ ರಜಾಕಾಲ. ಅಕ್ಟೋಬರಿನಿಂದ ಜುಲೈವರೆಗಿನ ಅವಧಿಗಳಲ್ಲಿ ಹೋಗುವುದು ಒಳ್ಳೆಯದು.

ಎಲ್ಲರೂ ಸೇರಲು ಸುಲಭದ ಗುರುತು ರಸ್ತೆ ನಡುವೆ ಎತ್ತರದ ಕಂಬದ ಮೇಲೆ ನಿಂತ ಡ್ರ್ಯಾಗನ್. ಇದು 1880ರ ಟೆಂಪಲ್ ಬಾರ್ ಸ್ಮಾರಕ. ವೆಸ್ಟ್‌ಮಿನ್‌ಸ್ಟರ್ ಮುಗಿದು ಸಿಟಿ ಆರಂಭವಾಗುವ ಗಡಿಕಲ್ಲು. ಅಲ್ಲಿಂದ ನಾಲ್ಕು ಹೆಜ್ಜೆ ಹೋದರೆ ಬಲಕ್ಕೆ ಮಿಡಲ್ ಟೆಂಪಲ್ ಲೇನ್‌ನ ಹೆಬ್ಬಾಗಿಲು, 1684ರದ್ದು. ಒಳಗೆ ಕಾಲಿಟ್ಟ ಕೂಡಲೇ ಬಸ್ಸಿನ ಸದ್ದು ನಿಂತುಹೋಗುತ್ತದೆ. ನೆಲ ಕಲ್ಲಿನದು, ಇಳಿಜಾರು. ಮಳೆ ಬಂದರೆ ಜಾರುತ್ತದೆ, ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಕಿಟಕಿಗಳ ಹಿಂದೆ ಜನ ಕೆಲಸ ಮಾಡುತ್ತಿರುತ್ತಾರೆ. ಅದಕ್ಕೇ ಒಳ್ಳೆಯ ಗೈಡ್ ಇಲ್ಲಿ ದನಿ ತಗ್ಗಿಸುತ್ತಾರೆ, ಹತ್ತು ಹನ್ನೆರಡು ಜನಕ್ಕಿಂತ ದೊಡ್ಡ ಗುಂಪಾದರೆ ಹಿಂದಿದ್ದವರಿಗೆ ಏನೂ ಕೇಳಿಸುವುದಿಲ್ಲ.

ಇಲ್ಲಿಂದ ಮುಂದೆ ಕಣ್ಣು ಗೋಡೆ ಮೇಲಿರಲಿ. ಧ್ವಜ ಹೊತ್ತ ಕುರಿಮರಿ ಕಂಡರೆ ಅದು ಮಿಡಲ್ ಟೆಂಪಲ್‌ನ ಆಸ್ತಿ. ರೆಕ್ಕೆಯ ಕುದುರೆ ಕಂಡರೆ ಇನ್ನರ್ ಟೆಂಪಲ್. ಬಾಗಿಲ ಮೇಲೆ, ಮಳೆನೀರಿನ ಕೊಳವೆಯ ಮೇಲೆ, ದೀಪದ ಕಂಬದ ಮೇಲೆ ಈ ಎರಡರಲ್ಲಿ ಒಂದು ಇದ್ದೇ ಇರುತ್ತದೆ. ಎರಡು ಸಂಸ್ಥೆಗಳ ನಡುವೆ ಬೇಲಿ ಇಲ್ಲ, ಬೋರ್ಡೂ ಕಡಿಮೆ. ಗಡಿ ಎಲ್ಲಿ ದಾಟಿದೆವು ಎಂದು ಹೇಳುವುದು ಕುರಿ, ಕುದುರೆ ಮಾತ್ರ. ಮಕ್ಕಳ ಜತೆ ಹೋದವರು ಎಣಿಸುವ ಆಟ ಕೊಡಬಹುದು. ಇತಿಹಾಸ ಕೇಳದ ಮಕ್ಕಳೂ ಕಂಬ ಕಂಬವನ್ನು ಬಿಡದೆ ನೋಡುತ್ತಾರೆ. ಆ ಕಂಬಗಳಲ್ಲಿ ಸಂಜೆ ಹೊತ್ತಿಕೊಳ್ಳುವುದು ಈಗಲೂ ಗ್ಯಾಸ್ ದೀಪ.

ಇನ್ನೊಂದು ನೋಡಬೇಕಾದ್ದು ಮೆಟ್ಟಿಲ ಬಾಗಿಲಿನ ಪಕ್ಕದ ಹೆಸರಿನ ಪಟ್ಟಿ. ಮೇಲಿಂದ ಕೆಳಗೆ ಹಿರಿತನದ ಕ್ರಮದಲ್ಲಿ ಬಣ್ಣದಲ್ಲಿ ಬರೆದ ಹೆಸರುಗಳು, ಹೊಸಬರು ಕೊನೆಯಲ್ಲಿ. ಒಂದು ಪಟ್ಟಿ ಒಂದು 'ಛೇಂಬರ್ಸ್'. ಇದು ಕಂಪನಿ ಅಲ್ಲ. ಒಳಗಿರುವ ಬ್ಯಾರಿಸ್ಟರುಗಳು ತಮ್ಮ ತಮ್ಮ ದುಡಿಮೆ ತಾವೇ ನೋಡಿಕೊಳ್ಳುತ್ತಾರೆ. ಬಾಡಿಗೆಯನ್ನೂ ಗುಮಾಸ್ತರನ್ನೂ ಮಾತ್ರ ಹಂಚಿಕೊಂಡಿರುತ್ತಾರೆ. ಹೀಗಾಗಿ ಒಂದೇ ಮೆಟ್ಟಿಲಿನ ಇಬ್ಬರು ಒಂದೇ ಮೊಕದ್ದಮೆಯಲ್ಲಿ ಎದುರಾಬದುರಾ ನಿಲ್ಲುವುದುಂಟು. ಕೇಸು ತಂದುಕೊಡುವುದು, ಫೀಸು ಕುದುರಿಸುವುದು, ದಿನಾಂಕ ಹೊಂದಿಸುವುದು ಗುಮಾಸ್ತರ ಕೆಲಸ. ಅವರ ಮಾತಿಗೆ ಇಲ್ಲಿ ತೂಕ ಹೆಚ್ಚು.

ಮಿಡಲ್ ಟೆಂಪಲ್‌ನ ಭೋಜನಶಾಲೆ 1570ರ ದಶಕದ ಆರಂಭಕ್ಕೆ ಸಿದ್ಧವಾದದ್ದು. ಒಳಗೆ ಹೋಗಲು ಮೊದಲೇ ಅನುಮತಿ ಪಡೆದಿರಬೇಕು, ಬಾಗಿಲಿಗೆ ಬಂದು ಕೇಳಿದರೆ ಸಿಗುವುದಿಲ್ಲ. ಸಿಕ್ಕರೆ ಮೊದಲು ತಲೆ ಎತ್ತಿ ನೋಡಿ: ಎರಡು ಅಂತಸ್ತಿನ ಓಕ್ ತೊಲೆಗಳು ಗೋಡೆಯಿಂದ ಮುಂದಕ್ಕೆ ಚಾಚಿ ಇಡೀ ಮಾಡನ್ನು ಹೊತ್ತಿವೆ, ನಡುವೆ ಒಂದು ಕಂಬವೂ ಇಲ್ಲ. ಹಿರಿಯರ ಮೇಜು 29 ಅಡಿ ಉದ್ದ. ಒಂದೇ ಓಕ್ ಮರದಿಂದ ಕೊಯ್ದ ಹಲಗೆಗಳದು, ಮೊದಲನೇ ಎಲಿಜಬೆತ್ ರಾಣಿಯ ಕೊಡುಗೆ, ವಿಂಡ್ಸರ್‌ನಿಂದ ನದಿಯಲ್ಲಿ ತೇಲಿಸಿ ತಂದದ್ದು ಎಂದು ಹೇಳುತ್ತಾರೆ. ಶೇಕ್ಸ್‌ಪಿಯರನ 'ಟ್ವೆಲ್ಫ್ತ್ ನೈಟ್' ನಾಟಕದ ಮೊದಲ ದಾಖಲಿತ ಪ್ರದರ್ಶನ ನಡೆದದ್ದು ಇದೇ ನೆಲದ ಮೇಲೆ, 1602ರ ಫೆಬ್ರವರಿ 2ರಂದು. ಇಲ್ಲಿನ ವಿದ್ಯಾರ್ಥಿಯೊಬ್ಬ ಡೈರಿಯಲ್ಲಿ ಬರೆದಿಟ್ಟದ್ದರಿಂದ ನಮಗೆ ಗೊತ್ತು.

ಊಟಕ್ಕೆ ಇಲ್ಲಿ ಇಷ್ಟು ದೊಡ್ಡ ಜಾಗ ಯಾಕೆ ಎಂಬುದಕ್ಕೆ ಗಾಂಧೀಜಿಯ ಉದಾಹರಣೆಯೇ ಸಾಕು. ಅವರು 1888ರಲ್ಲಿ ಪಕ್ಕದ ಇನ್ನರ್ ಟೆಂಪಲ್ ಸೇರಿದರು. ಬ್ಯಾರಿಸ್ಟರ್ ಆಗಲು ಪರೀಕ್ಷೆಯ ಜತೆಗೆ ಹನ್ನೆರಡು 'ಟರ್ಮ್' ಪೂರೈಸಬೇಕಿತ್ತು. ಟರ್ಮ್ ಪೂರೈಸುವುದು ಎಂದರೆ ಪ್ರತಿ ಅವಧಿಯ ಸುಮಾರು 24 ಭೋಜನಗಳಲ್ಲಿ ಕನಿಷ್ಠ ಆರಕ್ಕೆ ಪಂಕ್ತಿಯಲ್ಲಿ ಹಾಜರಿರುವುದು. ನಾಲ್ವರಿಗೆ ಎರಡು ಬಾಟಲಿ ದ್ರಾಕ್ಷಾರಸ ಕೊಡುತ್ತಿದ್ದರು. ಗಾಂಧೀಜಿ ಮುಟ್ಟುತ್ತಿರಲಿಲ್ಲವಾದ್ದರಿಂದ ಅವರನ್ನು ತಮ್ಮ ನಾಲ್ವರಲ್ಲಿ ಸೇರಿಸಿಕೊಳ್ಳಲು ಉಳಿದವರಿಗೆ ಪೈಪೋಟಿ. 1891ರ ಜೂನ್ 10ರಂದು ಅವರು ಬ್ಯಾರಿಸ್ಟರ್ ಆದರು, 12ರಂದು ಭಾರತಕ್ಕೆ ಹಡಗು ಹತ್ತಿದರು. ರಾಜದ್ರೋಹದ ಶಿಕ್ಷೆಯ ನಂತರ 1922ರಲ್ಲಿ ಇದೇ ಇನ್ನರ್ ಟೆಂಪಲ್ ಅವರ ಹೆಸರನ್ನು ಹೊಡೆದುಹಾಕಿತು. ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ಹೋಗಿ ನಲವತ್ತು ವರ್ಷವಾದ ಮೇಲೆ. ಸ್ವಾತಂತ್ರ್ಯ ಹೋರಾಟಗಾರ ಶ್ಯಾಮಜಿ ಕೃಷ್ಣವರ್ಮರ ಹೆಸರನ್ನು 1909ರಲ್ಲಿ ತೆಗೆದದ್ದು, ವಾಪಸು ಸೇರಿಸಿದ್ದು 2015ರಲ್ಲಿ. ಈ ವರ್ಷಗಳನ್ನು ಗೈಡ್ ಹೇಳದಿದ್ದರೆ ಕೇಳಿಯೇ ತಿಳಿದುಕೊಳ್ಳಬೇಕು.

ಪಂಪ್ ಕೋರ್ಟ್ ಎಂಬ ಅಂಗಳ ದಾಟಿ ಕಮಾನಿನ ಕೆಳಗೆ ಹೊರಬಂದರೆ ಕುರಿಮರಿಯ ಸೀಮೆ ಮುಗಿದು ಕುದುರೆಯ ಸೀಮೆ. ಎದುರಿಗೇ ಟೆಂಪಲ್ ಚರ್ಚ್. ಇದಕ್ಕೆ ಕನಿಷ್ಠ ಅರ್ಧ ತಾಸು ಮೀಸಲಿಡಿ. ಟಿಕೆಟ್ ಇದೆ, ಮದುವೆ ಅಥವಾ ಸಂಗೀತವಿದ್ದ ದಿನ ಮುಚ್ಚಿರುತ್ತದೆ, ಹೊರಡುವ ಮುನ್ನ ವೇಳೆ ನೋಡಿಕೊಳ್ಳುವುದು ಕ್ಷೇಮ. ದುಂಡಗಿನ ಭಾಗವನ್ನು 1185ರಲ್ಲಿ ಜೆರುಸಲೇಮಿನ ಧರ್ಮಗುರು ಹೆರಾಕ್ಲಿಯಸ್ ಪ್ರತಿಷ್ಠಾಪಿಸಿದ. ನೆಲದ ಮೇಲೆ ಕಲ್ಲಿನ ಯೋಧರು ಮಲಗಿದ್ದಾರೆ. ಅವರಲ್ಲೊಬ್ಬ ವಿಲಿಯಂ ಮಾರ್ಷಲ್, 1219ರಲ್ಲಿ ತೀರಿಕೊಂಡವನು, ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಒಪ್ಪಂದದ ಸಂಧಾನದಲ್ಲಿ ಜಾನ್ ದೊರೆಯ ಪರ ನಿಂತವನು. ಆ ಮಾತುಕತೆ 1215ರ ಜನವರಿಯಲ್ಲಿ ಇದೇ ಆವರಣದಲ್ಲಿ ನಡೆದಿತ್ತು. 1941ರ ಮೇ 10ರ ರಾತ್ರಿ ಬಾಂಬಿನ ಬೆಂಕಿಗೆ ಮಾಡು ಸುಟ್ಟು, ಅಮೃತಶಿಲೆಯಂತೆ ಹೊಳೆಯುತ್ತಿದ್ದ ಕಂಬಗಳು ಬಿರಿದವು. ಹೊಸ ಕಂಬ ನಿಲ್ಲಿಸುವಾಗ ಒಂದು ವಿಷಯ ಎದುರಾಯಿತು: ಹಳೆಯ ಕಂಬಗಳು ಕೊಂಚ ಹೊರಕ್ಕೆ ವಾಲಿಕೊಂಡಿದ್ದವು. ದುರಸ್ತಿ ಮಾಡಿದವರು ಆ ವಾಲನ್ನೂ ಹಾಗೇ ಉಳಿಸಿಕೊಂಡರು. ಎರಡು ಕಂಬಗಳ ನಡುವೆ ನಿಂತು ಹಿಂದಿನ ಕಿಟಕಿಯ ಚೌಕಟ್ಟಿಗೆ ಹೋಲಿಸಿ ನೋಡಿದರೆ ಕಣ್ಣಿಗೆ ಹತ್ತುತ್ತದೆ. 1608ರಲ್ಲಿ ಮೊದಲನೇ ಜೇಮ್ಸ್ ಇಡೀ ಜಾಗವನ್ನು ಎರಡು ಇನ್‌ಗಳಿಗೆ ಬರೆದುಕೊಟ್ಟದ್ದು ಈ ಚರ್ಚನ್ನು ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ. ಇಂದಿಗೂ ದಕ್ಷಿಣದ ಅರ್ಧ ಇನ್ನರ್ ಟೆಂಪಲ್‌ನವರದು, ಉತ್ತರದ ಅರ್ಧ ಮಿಡಲ್ ಟೆಂಪಲ್‌ನವರದು.

ಇನ್ನರ್ ಟೆಂಪಲ್ ಲೇನ್ ಹತ್ತಿ ಮತ್ತೆ ಫ್ಲೀಟ್ ಸ್ಟ್ರೀಟಿಗೆ ಬಂದು ರಸ್ತೆ ದಾಟಿದರೆ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್. ಜಿ.ಇ. ಸ್ಟ್ರೀಟ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ಆತ ತೀರಿಕೊಂಡ ಮರುವರ್ಷ, 1882ರಲ್ಲಿ, ವಿಕ್ಟೋರಿಯಾ ರಾಣಿ ಉದ್ಘಾಟಿಸಿದಳು. ಒಳಗೆ ಹೋಗಲು ಹಣ ಕೊಡಬೇಕಿಲ್ಲ, ಗುರುತಿನ ಚೀಟಿಯನ್ನೂ ಸಾಮಾನ್ಯವಾಗಿ ಕೇಳುವುದಿಲ್ಲ; ವಿಮಾನ ನಿಲ್ದಾಣದಂಥ ತಪಾಸಣೆ ಉಂಟು, ಜೇಬಿನ ಚಾಕು ಕತ್ತರಿ ಮೊದಲೇ ಬಿಟ್ಟು ಬನ್ನಿ. ಒಳಗಡೆ ಫೋಟೋ ಬೇಡ. ಕೋರ್ಟಿನಲ್ಲಿ ಚಿತ್ರ ತೆಗೆಯುವುದು 1925ರ ಕಾಯ್ದೆಯಿಂದ ಅಪರಾಧ. 238 ಅಡಿ ಉದ್ದ, 80 ಅಡಿ ಎತ್ತರದ ಮೊಗಸಾಲೆಯಲ್ಲಿ ಆ ದಿನದ ಪ್ರಕರಣಗಳ ಪಟ್ಟಿ ಹಾಕಿರುತ್ತಾರೆ. ಕಲಾಪ ಸಾಮಾನ್ಯವಾಗಿ 10.30ಕ್ಕೆ ಶುರು. ಒಂದನ್ನೇ ನೋಡುವುದಾದರೆ ಮೇಲ್ಮನವಿ ಕೋರ್ಟು ಆರಿಸಿಕೊಳ್ಳಿ: ಸಾಕ್ಷಿಗಳಿಲ್ಲ, ಬರೀ ವಾದ, ನಡುನಡುವೆ ನ್ಯಾಯಮೂರ್ತಿಗಳ ಪ್ರಶ್ನೆ. ಒಳಗೆ ಹೋಗುವಾಗ, ಬರುವಾಗ ಪೀಠದ ಕಡೆ ಸ್ವಲ್ಪ ತಲೆಬಾಗಿದರೆ ಸಾಕು.

ನಮ್ಮ ಕಡೆಯ ವ್ಯಾಜ್ಯಗಳು ಈ ಕಟ್ಟಡಕ್ಕೆ ಬರುತ್ತಿರಲಿಲ್ಲ. ಧಾರವಾಡ, ಬೆಳಗಾವಿಯ ದತ್ತಕ, ವತನು, ಜಮೀನಿನ ಜಗಳ ಬಾಂಬೆ ಹೈಕೋರ್ಟ್ ದಾಟಿದರೆ, ಮಂಗಳೂರಿನದು ಮದ್ರಾಸ್ ಹೈಕೋರ್ಟ್ ದಾಟಿದರೆ, ಡೌನಿಂಗ್ ಸ್ಟ್ರೀಟಿನ ಪ್ರಿವಿ ಕೌನ್ಸಿಲ್‌ಗೆ ಹೋಗುತ್ತಿತ್ತು. 1949ರವರೆಗೂ ಅದೇ ಕೊನೆಯ ಮೆಟ್ಟಿಲು. ಅಲ್ಲಿ ವಾದಿಸುತ್ತಿದ್ದವರು ಮಾತ್ರ ಈ ಓಣಿಗಳವರೇ.

ರಾಯಲ್ ಕೋರ್ಟ್ಸ್ ಕಟ್ಟಡದ ಹಿಂಬದಿ ಕ್ಯಾರಿ ಸ್ಟ್ರೀಟ್ ಎಂಬ ರಸ್ತೆ. ನ್ಯಾಯಮೂರ್ತಿಗಳ ಬಾಗಿಲ ಮೇಲೆ ಕಲ್ಲಿನ ಬೆಕ್ಕು, ನಾಯಿ ಇವೆ, ಕಚ್ಚಾಡುವ ಕಕ್ಷಿದಾರರಂತೆ. 'ಗೆದ್ದವ ಸೋತ, ಸೋತವ ಸತ್ತ' ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು. ಎದುರಿನ ಕಮಾನಿನಲ್ಲಿ 1830ರಿಂದ ಇರುವ ವೈಲ್ಡೀಸ್ ಕಾನೂನು ಪುಸ್ತಕದಂಗಡಿ. ಆ ಕಮಾನು ದಾಟಿದರೆ ಲಿಂಕನ್ಸ್ ಇನ್.

ಇವರ 'ಕಪ್ಪು ಪುಸ್ತಕ'ಗಳಲ್ಲಿ 1422ರಿಂದ ನಡವಳಿ ದಾಖಲಾಗಿದೆ. ಪ್ರಾರ್ಥನಾ ಮಂದಿರ 1623ರದ್ದು, ಕೆಳಗೆ ಗೋಡೆಯಿಲ್ಲದ ಕಮಾನು ಚಾವಡಿ. ಮಳೆ ಬಂದರೆ ಗುಂಪು ನಿಲ್ಲಿಸಲು ಇಡೀ ದಾರಿಯಲ್ಲಿ ಇದೇ ಸರಿಯಾದ ಜಾಗ. ಸ್ಟೋನ್ ಬಿಲ್ಡಿಂಗ್ಸ್ ಎಂಬ ಸಾಲಿನ ಕಲ್ಲುಗಳಲ್ಲಿ ಸಿಡುಬಿನ ಕಲೆಯಂಥ ಗುಳಿಗಳಿವೆ, 1917ರ ಡಿಸೆಂಬರ್ 18ರಂದು ಜರ್ಮನ್ ವಿಮಾನ ಹಾಕಿದ ಬಾಂಬಿನ ಗುರುತು. ಜಿನ್ನಾ ಬ್ಯಾರಿಸ್ಟರ್ ಆದದ್ದು ಇಲ್ಲಿ, 1896ರಲ್ಲಿ. ಆಕ್ಸ್‌ಫರ್ಡಿನಲ್ಲಿ 1892ರಲ್ಲೇ ಕಾನೂನು ಪರೀಕ್ಷೆ ಬರೆದ ಕೊರ್ನೀಲಿಯಾ ಸೊರಾಬ್ಜಿ ಕೂಡ ಇಲ್ಲಿಯೇ ಆದರು, ಆದರೆ 1923ರಲ್ಲಿ: ಹೆಂಗಸರಿಗೆ ಬಾಗಿಲು ತೆರೆದ ಕಾಯ್ದೆ ಬಂದದ್ದೇ 1919ರ ಕೊನೆಗೆ. ಆ ಮೂವತ್ತು ವರ್ಷದ ಕಾಯುವಿಕೆ ಈ ಅಂಗಳದಲ್ಲಿ ನಿಂತಾಗ ನೆನಪಾಗಲೇಬೇಕು.

ಚಾನ್ಸರಿ ಲೇನ್‌ನಲ್ಲಿ ವಿಗ್ಗು, ಗೌನು ಮಾರುವ ಈಡ್ ಅಂಡ್ ರೇವನ್ಸ್‌ಕ್ರಾಫ್ಟ್ ಅಂಗಡಿಯ ಕಿಟಕಿ ಮುಂದೆ ಒಂದು ನಿಮಿಷ. ವಿಗ್ಗು ಕುದುರೆ ಕೂದಲಿನದು. 2008ರಿಂದ ಸಿವಿಲ್ ಮತ್ತು ಕೌಟುಂಬಿಕ ಕೋರ್ಟುಗಳಲ್ಲಿ ಬೇಕಿಲ್ಲ. ಗೌನಿನ ಎಡಭುಜದ ಹಿಂದೆ ಜೋಲುವ ಬಟ್ಟೆಯ ತುಂಡನ್ನು ಗಮನಿಸಿ. ಕಕ್ಷಿದಾರ ಕಾಣದಂತೆ ಫೀಸು ಹಾಕಲಿ ಎಂದು ಮಾಡಿದ ಚೀಲ ಅದು ಎಂಬ ಕತೆ ಎಲ್ಲ ಗೈಡುಗಳಿಗೂ ಪ್ರಿಯ. ಹೆಚ್ಚು ನಂಬಬಹುದಾದ ವಿವರಣೆ ಬೇರೆ: 1685ರಲ್ಲಿ ಎರಡನೇ ಚಾರ್ಲ್ಸ್ ಸತ್ತಾಗ ತೊಟ್ಟ ಶೋಕದ ಉಡುಪಿನ ಟೊಪ್ಪಿಗೆಯ ಅವಶೇಷ. ಅದೇ ತುಂಡು ನಮ್ಮ ಬೆಂಗಳೂರು, ಧಾರವಾಡದ ವಕೀಲರ ಬೆನ್ನ ಮೇಲೂ ದಿನಾ ಜೋಲುತ್ತಿದೆ.

ಹೋಬರ್ನ್ ರಸ್ತೆ ಸೇರುವಲ್ಲಿ ಮರದ ಚೌಕಟ್ಟಿನ ಸ್ಟೇಪಲ್ ಇನ್, 1580ರ ದಶಕದ್ದು. ಮೇಲಿನ ನಾಲ್ಕರಲ್ಲಿ ಇದು ಸೇರಿಲ್ಲ, ಹಿಂದಿನ ಕಾಲದ ಒಂದು ಕಿರಿಯ ಇನ್. ಲಂಡನ್ನನ್ನು ಸುಟ್ಟ 1666ರ ಮಹಾಬೆಂಕಿ ಇಲ್ಲಿಯವರೆಗೆ ಬರಲಿಲ್ಲ. ರಸ್ತೆ ದಾಟಿದರೆ ಗ್ರೇಸ್ ಇನ್. 1ಕ್ಕೆ ತಲುಪಬೇಕು ಎಂದದ್ದು ಇದರ ತೋಟಕ್ಕಾಗಿ: ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ರೂಪಿಸಿದ ಈ 'ವಾಕ್ಸ್' ಸಾರ್ವಜನಿಕರಿಗೆ ತೆರೆಯುವುದು ಕೆಲಸದ ದಿನಗಳ ಊಟದ ಹೊತ್ತಿನಲ್ಲಿ ಮಾತ್ರ, ಸಾಮಾನ್ಯವಾಗಿ 12ರಿಂದ 2.30. ಇನ್ನರ್ ಟೆಂಪಲ್ ತೋಟವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ತೆರೆಯುವುದರಿಂದ ಎರಡನ್ನೂ ಒಂದೇ ದಿನ ನೋಡುವ ಆಸೆ ಬಿಡುವುದು ಲೇಸು.

ಅಂಬೇಡ್ಕರ್ ಗ್ರೇಸ್ ಇನ್ ಸೇರಿದ್ದು 1916ರಲ್ಲಿ. ಬರೋಡಾದ ವಿದ್ಯಾರ್ಥಿವೇತನ ಮುಗಿದು ಮರುವರ್ಷವೇ ಊರಿಗೆ ಮರಳಬೇಕಾಯಿತು. 1920ರಲ್ಲಿ ಮತ್ತೆ ಬಂದು 1922ರಲ್ಲಿ ಬ್ಯಾರಿಸ್ಟರ್ ಆದರು. ಅವರ ಹೆಸರಿನ ಕೋಣೆ, ಭಾವಚಿತ್ರ 2021ರಿಂದ ಒಳಗಿವೆ, ಆದರೆ ಕಟ್ಟಡದೊಳಗೆ ಹಾಗೇ ಬಿಡುವುದಿಲ್ಲ. ವಾರಗಳ ಮೊದಲೇ ಬರೆದು ಕೇಳಬೇಕು. ತೋಟಕ್ಕೆ ಮಾತ್ರ ಯಾರ ಅನುಮತಿಯೂ ಬೇಡ. ಹಾದಿಯ ಎರಡೂ ಬದಿ ಪ್ಲೇನ್ ಮರಗಳು, ಕೆಳಗೆ ಬೆಂಚು. ಬುತ್ತಿ ತಂದವರು ಇಲ್ಲಿ ಬಿಚ್ಚಬಹುದು. ಗೇಟು ಮುಚ್ಚುವ ಹೊತ್ತಿಗೆ ಎದ್ದರೆ ಚಾನ್ಸರಿ ಲೇನ್ ಸ್ಟೇಷನ್ ಐದು ನಿಮಿಷದ ದಾರಿ.