ಒಂದು ಲೋಟ ಸಕ್ಕರೆ

ಕಳೆದ ಬೇಸಿಗೆ ರಜೆಯಲ್ಲಿ ತಿಪಟೂರಿನ ಹತ್ತಿರ ಅಕ್ಕನ ಊರಿಗೆ ಹೋಗಿದ್ದೆ. ಅಕ್ಕನ ಮಗಳು ಏಳರವರೆಗೆ ಕನ್ನಡ ಮೀಡಿಯಂ ಓದಿ, ಎಂಟಕ್ಕೆ ಇಂಗ್ಲಿಷ್ ಮೀಡಿಯಂ ಸೇರುವವಳಿದ್ದಳು. ಒಂದು ಮಧ್ಯಾಹ್ನ ಜಗಲಿ ಮೇಲೆ ಬರೆಯುತ್ತಾ ಕೂತಿದ್ದವಳು ಕೈ ಚಾಚಿ, ‘ಚಿಕ್ಕಮ್ಮ, ಪ್ಲೀಸ್ ಬಾರೋ ಮಿ ಯುವರ್ ಪೆನ್’ ಅಂದಳು.

ಪೆನ್ ಕೊಟ್ಟು ಅವಳ ನೋಟ್‌ಬುಕ್ ತೆಗೆದು ನೋಡಿದೆ. ‘ಬಾರೋ’ ಮುಂದೆ ಸಾಲ ಅಂತ ಇತ್ತು. ‘ಲೆಂಡ್’ ಮುಂದೆಯೂ ಸಾಲ ಅಂತಲೇ ಇತ್ತು. ಅವಳದ್ದೇನು ತಪ್ಪು? ನಮಗೆ ಸಾಲ ಒಂದೇ, ಕೊಡೋದು ತಗೊಳ್ಳೋದು ಬೇರೆ. ಎರವಲು, ಕೈಗಡ ಎಲ್ಲಾ ಹಾಗೇ. ಇಂಗ್ಲಿಷಿನಲ್ಲಿ ಕೊಡುವವರಿಗೊಂದು ಪದ, ‘ಲೆಂಡ್’; ತಗೊಳ್ಳುವವರಿಗೆ ಇನ್ನೊಂದು, ‘ಬಾರೋ’.

‘ಇಂಗ್ಲಿಷಲ್ಲೇ ಅರ್ಥ ಬರಿಯೋಣ, ನಿಂಗೆ ಗೊತ್ತಿರೋ ಪದಗಳಲ್ಲೇ’ ಅಂದೆ. ಎರಡು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮೊದಲ ಸಾಲಿನಲ್ಲೇ ‘ಪರ್ಮಿಷನ್’, ‘ಟೆಂಪರರಿ’ ಬಂದುಬಿಟ್ಟವು. ಅವೆರಡರ ಅರ್ಥ ಕೇಳಿದಳು. ಹೊಡೆದು ಹಾಕಿದೆ. ಆಮೇಲೆ ‘ಟೇಕ್’, ‘ಯೂಸ್’, ‘ಗಿವ್ ಬ್ಯಾಕ್’ ಇಟ್ಟುಕೊಂಡು ಬರೆದೆ: ಬೇರೆಯವರ ವಸ್ತು ತಗೊಂಡು, ಬಳಸಿ, ಅದನ್ನೇ ವಾಪಸ್ ಕೊಡೋದು.

ಅಷ್ಟರಲ್ಲಿ ಪಕ್ಕದ ಮನೆ ಅಜ್ಜಿ ಸ್ಟೀಲ್ ಲೋಟ ಹಿಡಿದು ಬಂದರು. ‘ನೆಂಟ್ರು ಬಂದವ್ರೆ. ಒಂದ್ ಲೋಟ ಸಕ್ರೆ ಕೊಟ್ಟಿರವ್ವ, ಸಂತೆ ದಿನ ಕೊಡ್ತೀನಿ.’ ಅಕ್ಕ ತುಂಬಿಸಿ ಕೊಟ್ಟಳು.

ಅಜ್ಜಿ ಹೋದ ಮೇಲೆ ಹುಡುಗಿ ಕೇಳಿದಳು, ‘ಚಿಕ್ಕಮ್ಮ, ಅದೇ ಸಕ್ಕರೆ ವಾಪಸ್ ಕೊಡೋಕಾಗಲ್ಲ ಅಲ್ವಾ? ಟೀಗೆ ಹಾಕ್ಬಿಡ್ತಾರೆ. ಆಗ್ಲೂ ಬಾರೋನೇನಾ?’

ಬಾರೋನೇ. ಇಂಗ್ಲಿಷ್ ಮಾತಾಡುವವರೂ ಪಕ್ಕದ ಮನೆ ಸಕ್ಕರೆಗೆ ಅದೇ ಪದ ಹೇಳುತ್ತಾರೆ. ‘ಅದನ್ನೇ’ ಅಂತ ನಾನು ಬರೆದದ್ದೇ ಸರಿ ಇರಲಿಲ್ಲ. ಪೆನ್ನಾದರೆ ಅದೇ ಪೆನ್ನು, ಸಕ್ಕರೆಯಾದರೆ ಅಷ್ಟೇ ಸಕ್ಕರೆ. ಇಷ್ಟನ್ನು ಎಂಟನೇ ಕ್ಲಾಸಿನ ಹುಡುಗಿಯ ಪದಗಳಲ್ಲಿ ಕೂರಿಸುವಷ್ಟರಲ್ಲಿ ಸಾಯಂಕಾಲವಾಯಿತು.

ಈ ಕಷ್ಟವನ್ನೇ ಜೀವನದ ಕೆಲಸ ಮಾಡಿಕೊಂಡ ಮೈಕೆಲ್ ವೆಸ್ಟ್ ಅವತ್ತು ತುಂಬಾ ನೆನಪಾದರು. ಬ್ರಿಟಿಷರ ಕಾಲದಲ್ಲಿ ಬಂಗಾಳದ ಢಾಕಾದಲ್ಲಿ ಕೆಲಸ ಮಾಡಿದವರು. ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ಅಲ್ಲೇ ಹತ್ತಿರದಿಂದ ನೋಡಿದರು. 1935ರಲ್ಲಿ ಇನ್ನೊಬ್ಬರ ಜೊತೆ ಸೇರಿ ತಂದ ನಿಘಂಟಿನಲ್ಲಿ ಸುಮಾರು 24,000 ಪದ, ನುಡಿಗಟ್ಟುಗಳಿಗೆ ಬರೀ 1,490 ಪದಗಳಲ್ಲಿ ಅರ್ಥ ಬರೆದರು. ಅಷ್ಟು ಪದ ಕಲಿತ ಮಗು ಮಿಕ್ಕಿದ್ದನ್ನು ತಾನೇ ತೆರೆದು ನೋಡಬಹುದು. 1978ರ ಲಾಂಗ್‌ಮನ್ ನಿಘಂಟೂ ಸುಮಾರು 2,000 ಪದಗಳಲ್ಲೇ ಎಲ್ಲವನ್ನೂ ಹೇಳಿತು. ನನಗೆ ಜಾಸ್ತಿ ಇಷ್ಟ 1987ರ ಕೋಬಿಲ್ಡ್ ನಿಘಂಟು. ಅದು ಪೂರ್ತಿ ವಾಕ್ಯದಲ್ಲಿ, ‘ನೀನು ಹೀಗೆ ಮಾಡಿದರೆ ಅದು ಹೀಗೆ’ ಅಂತ ಎದುರಿಗೆ ಕೂತು ಹೇಳಿದ ಹಾಗೆ ಹೇಳುತ್ತದೆ. ಸುಲಭವಾಗಿ ಬರೆದರೆ ಸುಮ್ನೆ ಬರೆದದ್ದು ಅನ್ನುವವರನ್ನು ನೋಡಿದ್ದೇನೆ. ಅವರು ಒಂದು ಪದಕ್ಕೆ ಹೀಗೆ ಅರ್ಥ ಬರೆದು ನೋಡಬೇಕು.

‘ಲೆಂಡ್’ ಅನ್ನು ಅವಳೇ ಬರೆದಳು, ನನ್ನನ್ನು ಕೇಳದೆ: ‘ಐ ಗಿವ್. ಇಟ್ ಈಸ್ ಸ್ಟಿಲ್ ಮೈನ್. ಯು ಗಿವ್ ಬ್ಯಾಕ್.’ ನಾನು ಒಂದಕ್ಷರವನ್ನೂ ಮುಟ್ಟಲಿಲ್ಲ.

ಸಂತೆ ದಿನ ಅಜ್ಜಿ ಲೋಟ ತಂದರು. ಅಕ್ಕ ಕೊಟ್ಟಿದ್ದು ಕಂಠದ ಮಟ್ಟಕ್ಕೆ. ಅಜ್ಜಿ ತಂದದ್ದು ಗೋಪುರದ ಹಾಗೆ ತುಂಬಿಕೊಂಡು. ಒಂದಿಷ್ಟು ಹೊಸಿಲ ಮೇಲೆ ಚೆಲ್ಲಿತು. ಹುಡುಗಿ ಅದನ್ನು ನೋಡಿ ಒಳಗೆ ಓಡಿದಳು. ನೋಟ್‌ಬುಕ್ ತಂದು, ‘ಬಾರೋ’ ಮುಂದಿನ ‘ಗಿವ್ ಬ್ಯಾಕ್’ ಪಕ್ಕದಲ್ಲಿ ಪೆನ್ಸಿಲಿನಿಂದ ‘ಲಿಟಲ್ ಮೋರ್’ ಅಂತ ಸೇರಿಸಿದಳು.